ಸಿ.ಡಿ.ಯ ಕೊನೆಗೆ ಅತ್ತೆಯ ಎರಡು ಮಾತು

ಹೊಳೆನರಸೀಪುರ
೧೪-೮-೨೦೦೨

ಚಿ. ಚಲುವನಾರಾಯಣನಿಗೆ ಅಕ್ಕ ಅಂಬುಜಳ ಆಶೀರ್ವಾದ.

ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮದ್ರಾಸಿನ ಸೆಖೆಯೆಂದು ಬರಿಗಾಲಲ್ಲಿ ಓಡಾಡಬೇಡ, ಗಾಯವಾದರೆ ಬೇಗ ಮಾಯುವುದಿಲ್ಲ. ಇಲ್ಲಿ ನನ್ನ ಮಂಡಿನೋವು ಬಿಟ್ಟರೆ ಎಲ್ಲ ಕ್ಷೇಮ. ಸಿಂಗಮ್ಮತ್ತೆಗೆ ಎಂಬತ್ತು ದಾಟಿದರೂ ಕಣ್ಣು ಕಿವಿ ಚುರುಕಾಗಿವೆ. ಅಕ್ಕನಾದವಳು ಇಷ್ಟು ಕೇಳಬೇಕು, ಕೇಳಿದ್ದಾಯಿತು. ಇನ್ನು ಮುಂದಿನದನ್ನು ಕೂತು ಓದು.

ನೀನು ಇಪ್ಪತ್ತೈದು ವರ್ಷದ ಹಿಂದೆ ತೆಗೆದ ಸಿನಿಮಾ ಈಗ ವಿ.ಸಿ.ಡಿ. ಆಗಿ ಬರುತ್ತದಂತೆ. 'ಇನ್ನು ಮನೆಮಂದಿಯೆಲ್ಲ ಕೂತು ನೋಡಬಹುದು ಅಕ್ಕ' ಎಂದು ಹಿಗ್ಗಿ ಬರೆದಿದ್ದೀಯ. ನೋಡುತ್ತಾರೆ ಮಹರಾಯ. ನಿನ್ನ ಕಾಗದ ಬಂದಾಗಿನಿಂದ ನನಗೆ ಅದೇ ಕಣ್ಣಮುಂದೆ. ಬಸ್ ಸ್ಟ್ಯಾಂಡ್ ಹತ್ತಿರ ಬಸವರಾಜು ಅಂಗಡಿಯಲ್ಲಿ ಅದನ್ನು ನೇತುಹಾಕಿರುತ್ತಾರೆ, ಮೇಲೆ 'ಸಕುಟುಂಬ ಸಮೇತ ನೋಡಿ' ಎಂದು ಅಚ್ಚಾಗಿರುತ್ತದೆ. ನಮ್ಮ ಬೀದಿಯವರು ಬಾಡಿಗೆಗೆ ತರುತ್ತಾರೆ. ತಲೆ ಬೋಳಿಸಿದ ಹೆಂಗಸು ಕದ ಹಾಕಿಕೊಂಡು, ದೇವರ ಪ್ರಸಾದದ ಸಂಪಿಗೆಯನ್ನು ಸೆರಗಿನಂಚಿಗೆ ಸಿಕ್ಕಿಸಿ ಕನ್ನಡಿ ನೋಡುತ್ತಾಳಲ್ಲ, ಅಲ್ಲಿ ರಿಮೋಟು ಒತ್ತಿ ನಿಲ್ಲಿಸುತ್ತಾರೆ. ಆಮೇಲೆ ನಮ್ಮ ಮನೆ ಕಡೆ ನೋಡುತ್ತಾರೆ. ಆಗ ಟೆಂಟ್ ಸಿನಿಮಾದವರಾದರೆ ವಾರಕ್ಕೆ ಎತ್ತಿಕೊಂಡು ಹೋಗಿದ್ದರು. ಇದು ಷೋಕೇಸಿನಲ್ಲಿ ಉಳಿಯುತ್ತದೆ.

ನಮ್ಮ ಸೋದರತ್ತೆ ಹಾಗೆ ಕನ್ನಡಿ ಮುಂದೆ ನಿಂತದ್ದನ್ನು ನೀನು ಚಿಕ್ಕವನಿದ್ದಾಗ ಕಿಟಕಿಯಲ್ಲಿ ಕಂಡೆ. ದೊಡ್ಡವನಾಗಿ ಊರಿಗೆಲ್ಲ ತೋರಿಸಿದೆ. ಪತ್ರಿಕೆಯವರು ನಿನ್ನನ್ನು ಧೈರ್ಯವಂತ ಎಂದರು. ಧೈರ್ಯ ಅತ್ತೆಯದು, ಹೊಗಳಿಕೆ ನಿನಗೆ. ಚನ್ನರಾಯಪಟ್ಟಣದಲ್ಲಿ ಪರದೆಗೆ ಸಗಣಿ ಬಿದ್ದದ್ದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೀಯ. ನಮ್ಮ ಮನೆಗೆ ಏನಾಯಿತೆಂದು ಕೇಳಿದ್ದೀಯಾ? ಯಾರ ಮನೆ ಸಮಾರಾಧನೆಯಾದರೂ ಪುಳಿಯೋಗರೆ ಗೊಜ್ಜಿಗೆ ಅತ್ತೆಯೇ ಬೇಕಿತ್ತು. ಸಿನಿಮಾ ಬಂದ ಮೇಲೆ ಅವರ ಮಡಿ ಯಾರಿಗೂ ಮಡಿಯಾಗಿ ಕಾಣಲಿಲ್ಲ. ಬೀದಿಯಲ್ಲಿ ಸಮಾರಾಧನೆ ಎಂದು ಗೊತ್ತಾದರೆ ಅತ್ತೆ ಹಿಂದಿನ ದಿನವೇ ಹುಣಸೆಹಣ್ಣು ನೆನೆಹಾಕಿ ಕಾಯುತ್ತಿದ್ದರು. ಯಾರೂ ಕರೆಯುತ್ತಿರಲಿಲ್ಲ. ನಾನು ಅದನ್ನು ಎತ್ತಿ ಸಾರಿಗೆ ಹಾಕುತ್ತಿದ್ದೆ. ಆಗ ನಿನ್ನ ಮೇಲೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಸಾಲದೆಂದು ಕಥೆಯ ಕೊನೆಗೆ ಅವರನ್ನು ಹೊಳೆಗೆ ಹಾರಿಸಿ ಸಾಯಿಸಿಯೂ ಬಿಟ್ಟೆ, ಜನ ಅಳಲೆಂದು.

ಈಗ ಕಂಪನಿಯವರು ಕ್ಯಾಮೆರಾ ತಂದು ಅತ್ತೆಯಿಂದ ಎರಡು ಮಾತು ಆಡಿಸಿ ಸಿ.ಡಿ.ಯ ಕೊನೆಗೆ ಹಾಕುತ್ತಾರಂತೆ. ಹೊಸಿಲು ದಾಟಲಿ, ನೋಡಿಕೊಳ್ಳುತ್ತೇನೆ. ಅತ್ತೆ ಆ ಸಿನಿಮಾ ನೋಡಿಲ್ಲ, ನೋಡುವುದೂ ಬೇಡ. ಸಿ.ಡಿ.ಯೇ ಬೇಡವೆಂದು ಕಂಪನಿಯವರಿಗೆ ಬರೆದುಬಿಡು.

ನಿನ್ನ ಹೆಂಡತಿಗೂ ಮಗಳು ತನ್ಮಯಿಗೂ ನನ್ನ ಆಶೀರ್ವಾದ ತಿಳಿಸು. ಅವರ ಮೇಲೆ ನನಗೇನೂ ಸಿಟ್ಟಿಲ್ಲ.

ನಿನ್ನ ಅಕ್ಕ,
ಅಂಬುಜ

ಮತ್ತೆ: ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ನನ್ನ ಅಭ್ಯಾಸ ನಿನಗೆ ಗೊತ್ತು. ನಡುಮನೆಯಲ್ಲಿದ್ದ ಅತ್ತೆ ಪೂರ್ತಿ ಕೇಳಿಸಿಕೊಂಡಿದ್ದಾರೆ. ಹೊಳೆಗೆ ಹಾರಿಸಿದ್ದನ್ನು ಇಷ್ಟು ವರ್ಷ ಯಾರೂ ಅವರಿಗೆ ಹೇಳಿರಲಿಲ್ಲ. 'ಸಾಯಿಸಿಬಿಟ್ನಾ? ಯಾತಕ್ಕೆ?' ಎಂದರು. ಆಮೇಲೆ, 'ಕ್ಯಾಮೆರಾದವರು ಬರಲಿ ಕಣೆ ಅಂಬುಜ. ಬದುಕಿದೀನಿ ಅಂತ ಕೊನೇಲಿ ನಾನೇ ಹೇಳ್ತೀನಿ. ಒಂದು ಸಂಪಿಗೆ ತರಿಸಿಡು' ಎಂದರು. ಕ್ಯಾಮೆರಾದವರನ್ನು ಕಳಿಸು. ನೀನು ಮಾತ್ರ ಜೊತೆಗೆ ಬರಬೇಡ. ಇದು ನನ್ನ ಮಾತಲ್ಲ, ಅತ್ತೆಯದೇ: 'ಅವನು ಬರೋದು ಬೇಡ ಅನ್ನು. ಬಂದ್ರೆ ಮತ್ತೆ ಎಲ್ಲಾದ್ರೂ ಮುಳುಗಿಸಿಬಿಡ್ತಾನೆ.'