ಮಾವ ಕೇಳಿದ ಪುಸ್ತಕಗಳು

ವಡಪಳನಿ, ಚೆನ್ನೈ

ಪೂಜ್ಯ ಮಾವನವರಿಗೆ ಸಿಂಚನಳ ನಮಸ್ಕಾರಗಳು.

“ಅಭಿಲಾಷನ ಪುಸ್ತಕ ಜೋಪಾನವಾಗಿ ಕಳಿಸಮ್ಮ, ಅವನ ಕೆಲಸ ನಿಂತುಹೋಗಿದೆ” ಎಂದು ಫೋನಿನಲ್ಲಿ ಹೇಳಿದಿರಿ. ಗಾಲ್ಫ್ ಮೈದಾನ ವಿನ್ಯಾಸದ ಪುಸ್ತಕಗಳನ್ನೆಲ್ಲ ಎಗ್ಮೋರ್ ರೈಲು ನಿಲ್ದಾಣದಿಂದ ಪಾರ್ಸೆಲ್ ಮಾಡಿದ್ದೇನೆ. ದಯವಿಟ್ಟು ನೀರು ತಾಗದ ಕಡೆ ಇಡಿಸಿ.

ಆಟಗಾರ ಹೆದರುವ ಜಾಗದಲ್ಲೇ ಮರಳಿನ ಗುಂಡಿ ತೋಡಬೇಕೆಂದು ನಿಮ್ಮ ಮಗ ನನಗೆ ಓದಿ ಹೇಳುತ್ತಿದ್ದರು. ಮನೆಯೊಳಗೆ ಎಲ್ಲಿ ಕಾಲಿಡಬಾರದೆಂದು ನಾನೂ ಕಲಿತಿದ್ದೆ. ಆದರೂ ಆ ದಿನ ಕಾಫಿ ಲೋಟವನ್ನು ಅವರ ನಕ್ಷೆಯ ಮೇಲಿಟ್ಟೆ.

ಗುಂಡಿಗಳ ಕುರಿತ ದಪ್ಪ ಪುಸ್ತಕವೊಂದು ಪಾರ್ಸೆಲ್ಲಿನಲ್ಲಿಲ್ಲ. ಅದರ ರಟ್ಟಿಗೆ ನನ್ನ ರಕ್ತ ಅಂಟಿರುವುದರಿಂದ ಪೊಲೀಸರು ಇಟ್ಟುಕೊಂಡಿದ್ದಾರೆ. ಬೇಕಿದ್ದರೆ ನಿಮ್ಮ ಮನೆಯಲ್ಲಿ ಅಡಗಿರುವವರೇ ಠಾಣೆಗೆ ಬಂದು ಕೇಳಲಿ.

ಅಂದು ಫೋನಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಏಕೆಂದು ನೀವು ಕೇಳಲಿಲ್ಲ. ಮುರಿದ ದವಡೆಗೆ ತಂತಿ ಬಿಗಿದಿದ್ದಾರೆ.

ಇತಿ,
ಸಿಂಚನ