ಗಂಟೆ ಬಾರಿಸುವವರೆಗಿನ ಹಿಟ್ಟು

ಖರಾಡಿ, ಪುಣೆ
೯ ನವೆಂಬರ್ ೨೦೨೫

ಪ್ರೀತಿಯ ತಂಗಿ ಇಂದೂಗೆ,

ನಿನ್ನಕ್ಕ ರುದ್ರವ್ವ ಮನಸಾರೆ ಹರಸಿ ಬರೆಯುವುದು. ಇಲ್ಲಿ ಎಲ್ಲರೂ ಸುಖವಾಗಿದ್ದೇವೆ. ನಿನ್ನ ಬಸುರಿ ಸೊಸೆಯ ಕುಬಸದ ಸುದ್ದಿ ಓದಿ ದೀಪಾವಳಿ ಎರಡು ಸಲ ಬಂದಂತಾಯಿತು. ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ತಡಕ್ಕೆ ಕಾರಣ ನನ್ನ ಬಲಗೈ ಮಣಿಕಟ್ಟು. ಬೇಸಿಗೆಯಲ್ಲಿ ಬಾವು ಬಂದು, ರೊಟ್ಟಿ ಬಡಿದ ಮೇಲೆ ನೀರಿನ ತಂಬಿಗೆಯನ್ನೂ ಎತ್ತಲಾಗುತ್ತಿರಲಿಲ್ಲ. ಡಾಕ್ಟರು ಕೆಲವು ದಿನ ಕೈಗೆ ಬಿಡುವು ಕೊಡಿ ಎಂದರು. ಕೃಷ್ಣಾಬಾಯಿಯ ಭುಜದ್ದೂ ಅದೇ ಹಾಡು. ಅವಳು ಗೊತ್ತಲ್ಲ, ನಾನು ಈ ರೊಟ್ಟಿ ಕೇಂದ್ರ ಶುರು ಮಾಡಿದಾಗಿನಿಂದ ಜೊತೆಗಿರುವವಳು. ಇದನ್ನೆಲ್ಲ ನೋಡಿ ಮಗ ಸ್ವಪ್ನಿಲ್ ರೊಟ್ಟಿ ಮಶೀನಿನ ಚಿತ್ರ ಹಿಡಿದು ಬಂದ. "ಅವ್ವಾ, ಇದೊಂದು ತಗೊಂಡ್ರ ಇಷ್ಟು ಮಂದಿ ಬೇಕಾಗಂಗಿಲ್ಲ." ಆ ಮಂದಿ ಅಲ್ಲೇ ಒಲೆಯ ಮುಂದೆ ಕೂತಿದ್ದರು. ಎಲ್ಲರ ಬಡಿತ ಒಮ್ಮೆಲೇ ನಿಂತಿತು.

ಆಗ ನನ್ನ ಸೊಸೆ ಶೀತಲ್ ನಡುವೆ ಬಂದಳು. "ಆಯಿ, ನಮ್ಮ ಆಫೀಸಿನ್ಯಾಗ ಇಪ್ಪತ್ತೈದು ಮಿನಿಟ ಕೆಲಸ, ಐದು ಮಿನಿಟ ಸೂಟಿ. ಗಂಟಿ ಹೊಡದ್ರ ಏಳಬೇಕಂದ್ರ ಏಳಬೇಕು. ದೀಪಾವಳಿ ತನಕಾ ಹಿಂಗ ಮಾಡಿ ನೋಡೂಣು, ಆಮ್ಯಾಲೆ ಮಶೀನ್."

ಕೆಲಸ ಬಿಟ್ಟು ನಿಂತ ಕೈ ನಷ್ಟದ ಕೈ ಎಂದು ಲೆಕ್ಕ ಹಾಕಿ ಬೆಳೆದವಳು ನಾನು. ಆದರೂ ಮಶೀನಿಗಿಂತ ಗಂಟೆ ಅಗ್ಗ ಎಂದು ಒಪ್ಪಿದೆ.

ಮೊದಲ ದಿನ ಗಂಟೆ ಹೊಡೆದದ್ದೇ ತಡ, ಎಲ್ಲರೂ ಶಾಲೆ ಬಿಟ್ಟ ಮಕ್ಕಳಂತೆ ಹೊರಗೋಡಿದರು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಬಿಸಿನೀರಿನಲ್ಲಿ ನಾದಿಟ್ಟಿದ್ದ ಜೋಳದ ಹಿಟ್ಟು ಆರಿಹೋಗಿ, ತಿರುಗಿ ಬಂದು ಬಡಿದರೆ ಅಂಚೆಲ್ಲ ಬಿರುಕು. "ಅಕ್ಕಾರ, ಗಂಟಿ ನಮಗೇನೋ ತಿಳೀತದ, ಹಿಟ್ಟಿಗೆ ಯಾರು ಹೇಳಬೇಕ್ರಿ?" ಎಂದು ಕೃಷ್ಣಾಬಾಯಿ ನಕ್ಕಳು. ಸ್ವಪ್ನಿಲ್ ಕೂಡ ನಕ್ಕ. ಅವನ ನಗು ನನಗೆ ಹಿಡಿಸಲಿಲ್ಲ.

ಮರುದಿನ ಹಿಟ್ಟಿನ ಡಬ್ಬಿಯ ಮುಂದೆ ನಾನೇ ಕೂತೆ. ಗಂಟೆ ಬಾರಿಸುವುದರೊಳಗೆ ಬಡಿದು ಮುಗಿಯುವಷ್ಟೇ ಹಿಟ್ಟನ್ನು ಒಬ್ಬೊಬ್ಬರಿಗೂ ಅಳೆದು ಕೊಟ್ಟೆ. ಅಲ್ಲಿಗೆ ಹೊಂದಿತು ನೋಡು. ಈಗ ವಿರಾಮವಾದರೆ ಕೃಷ್ಣಾಬಾಯಿ ಗೋಡೆಗೆ ಭುಜ ಒತ್ತಿ ನಿಲ್ಲುತ್ತಾಳೆ, ಇನ್ನೊಬ್ಬ ಕೆಲಸದವಳು ನೀತಾ ಚಹಾ ಸೋಸುತ್ತಾಳೆ, ಮರೆಮ್ಮ ತನ್ನ ಅತ್ತೆಯನ್ನು ಬೈಯುತ್ತಾಳೆ. ಮೊದಲು ಬಡಿಯುತ್ತಲೇ ಬೈಯುತ್ತಿದ್ದಳು, ರೊಟ್ಟಿ ದಪ್ಪವಾಗುತ್ತಿದ್ದವು. ಈಗ ಬೈಗುಳಕ್ಕೇ ಬೇರೆ ವೇಳೆ ಸಿಕ್ಕಿದೆ, ರೊಟ್ಟಿ ತೆಳ್ಳಗಾಗಿವೆ. ವಿರಾಮ ಕೊಟ್ಟು ಕೆಲಸ ಹೆಚ್ಚಾಗುವುದು ನನ್ನ ಹಳೆಯ ಲೆಕ್ಕದಲ್ಲಿ ಎಲ್ಲಿಯೂ ಕೂಡುವುದಿಲ್ಲ, ಆದರೆ ಕಣ್ಣೆದುರು ಆಗುತ್ತಿದೆ. ದೀಪಾವಳಿಯ ಗದ್ದಲದಲ್ಲಿ ಒಂದು ಆರ್ಡರೂ ತಪ್ಪಲಿಲ್ಲ. "ಆತು ಬಿಡವ್ವಾ, ನಿಮ್ಮ ಗಂಟೀನ ಗೆಲ್ತು" ಎಂದ ಸ್ವಪ್ನಿಲ್. ಅವನ ಮಶೀನಿನ ಚಿತ್ರದ ಮೇಲೆ ಈಗ ನೀತಾ ಚಹಾದ ಕಪ್ಪುಗಳನ್ನಿಡುತ್ತಾಳೆ. ಯಾರೂ ಕೆಲಸ ಬಿಡಬೇಕಾಗಲಿಲ್ಲ.

ಗಂಟೆ ಬಾರಿಸುವವಳು ನಾನೇ. ಶೀತಲಳ ಮೊಬೈಲು ಎಷ್ಟು ಕೂಗಿದರೂ ಬಡಿತದ ಸದ್ದಿನಲ್ಲಿ ಕೇಳಿಸುವುದಿಲ್ಲ. ಹಾಗಾಗಿ ದೇವರ ಮನೆಯ ಹಿತ್ತಾಳೆ ಗಂಟೆಯನ್ನು ಎಡಗೈಯಲ್ಲಿ ಹಿಡಿದು ಕೂಡುತ್ತೇನೆ. ಈ ಕಾಗದವನ್ನೂ ಸ್ವಲ್ಪ ಬರೆದು, ಸ್ವಲ್ಪ ಕೈ ಆರಿಸಿಕೊಂಡು ಮುಗಿಸಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಕುಬಸದ ಬುತ್ತಿಗೆ "ಅಕ್ಕಾ, ನಿನ್ನ ಕೈ ರೊಟ್ಟೀನ ಬೇಕು" ಎಂದು ಬರೆದಿದ್ದೆಯಲ್ಲ. ನಮ್ಮ ಟೆಂಪೊ ಓಡಿಸುವ ಮಾಂತು ಧಾರವಾಡಕ್ಕೆ ಹೊರಟಿದ್ದಾನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವನ ಕೈಯಲ್ಲಿ ಕಳಿಸಿದ್ದೇನೆ. ಹಸಿರು ಬಳೆ ತೊಟ್ಟ ಹುಡುಗಿ ಸುಖವಾಗಿ ಹಡೆಯಲಿ, ನಿನ್ನ ಮಡಿಲು ತುಂಬಿ ಮನೆಯಲ್ಲಿ ಗದ್ದಲವಾಗಲಿ.

ನಿನ್ನ ಅಕ್ಕ,
ರುದ್ರವ್ವ

ತಾ.ಕ.: ಬುತ್ತಿಯ ಡಬ್ಬಿಯಲ್ಲಿರುವುದು ಕೃಷ್ಣಾಬಾಯಿ ಬಡಿದ ರೊಟ್ಟಿ. ಬೀಗರಿಗೆ ಹೇಳಬೇಡ. ನಿನಗೆ ಅಂಚು ನೋಡಿದರೇ ತಿಳಿಯುತ್ತದೆ, ಅದಕ್ಕೇ ಬರೆದೆ. ಡಾಕ್ಟರು ಕೆಲವು ದಿನ ಎಂದದ್ದು ಬೇಸಿಗೆಯಲ್ಲಿ. ಮೊನ್ನೆ ಹೋದಾಗ, ಇನ್ನು ಮುಂದೆ ರೊಟ್ಟಿ ಬಡಿಯುವ ಮಾತೇ ಬೇಡ ಎಂದರು. ನಿನಗಾಗಿ ಒಂದಾದರೂ ಬಡಿಯೋಣವೆಂದು ವಿರಾಮದ ಹೊತ್ತಿನಲ್ಲಿ ಕೂತಿದ್ದೆ. ಅಂಗೈ ತಿರುಗಲಿಲ್ಲ, ಹಿಟ್ಟು ಹಾಗೇ ಆರಿತು. ಆಮೇಲೆ ಗಂಟೆ ಬಾರಿಸಿದೆ. ಎಲ್ಲರೂ ತಂತಮ್ಮ ಹಂಚಿನ ಮುಂದೆ ಹೋಗಿ ಕೂತರು. ನನ್ನ ವಿರಾಮ ಮಾತ್ರ ಮುಗಿಯಲಿಲ್ಲ.