ಅಳತೆ ತೆಗೆದುಕೊಂಡು ಹೋದವನು

ಇಂಡಿ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಶಾನವಾಜ,

ನಮಸ್ಕಾರ, ಸಲಾಂ, ಎರಡನ್ನೂ ತೆಗೆದುಕೋ. ಉತ್ತರಕ್ಕೆ ಮೂರು ತಿಂಗಳು ತಡ ಮಾಡಿದವನು ಒಂದರಲ್ಲೇ ಪಾರಾಗಬಾರದು. ಕಾರವಾರದಿಂದ ನೀನು ಬರೆದ ಕಾಗದ ದೀಪಾವಳಿಯ ಹೊತ್ತಿಗೇ ಬಂತು. ಮೇಜಿನ ಮೇಲೆ ಕೂತು ದಿನಾ ನನ್ನನ್ನು ನೋಡುತ್ತಿತ್ತು. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನೀನು ನಗಿಸಿಬಿಡುತ್ತೀ, ನಾನೊಂದು ಪ್ರಾಸ ಕಟ್ಟಿ ತಪ್ಪಿಸಿಕೊಳ್ಳುತ್ತೇನೆ. ಸಿಂದಗಿಯ ಹಾಸ್ಟೆಲಿನ ಗೋಡೆಗೆ ಸಾರಿನ ಮೇಲೆ ಪ್ರಾಸ ಬರೆದು ವಾರ್ಡನ್‌ರಿಂದ ಬೈಸಿಕೊಂಡ ಚಟ ನಲವತ್ತೈದಾದರೂ ಬಿಟ್ಟಿಲ್ಲ. ಈ ಸಲ ತಪ್ಪಿಸಿಕೊಳ್ಳಬಾರದೆಂದೇ ಕಾಗದ ಹಿಡಿದಿದ್ದೇನೆ.

ಯಶೋಧಾ ಚೆನ್ನಾಗಿದ್ದಾಳೆ. ನನ್ನ ಮೇಲೆ ಸಿಟ್ಟಾಗಿದ್ದಾಳೆ, ಅಂದರೆ ಚೆನ್ನಾಗಿದ್ದಾಳೆ. ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ. ನನಗೆ ಕೆಲಸ ಸಿಕ್ಕಿದ್ದನ್ನು ನಿನಗೆ ತಿಳಿಸುವ ಮೊದಲೇ ಅದು ಹೋಗುವ ಸುದ್ದಿ ತಿಳಿಸಬೇಕಾಗಿದೆ. ಒಂದೇ ಅಂಚೆಯಲ್ಲಿ ಎರಡೂ ಮುಗಿಯಿತು ನೋಡು.

ಕೆಲಸ ಏನೆಂದು ಕೇಳು. ದೊಡ್ಡ ಊರಿನ ಸಂಶೋಧನಾ ಸಂಸ್ಥೆಯೊಂದು ನಮ್ಮ ಕಡೆ ಬಂದಿದೆ. ಇಂಡಿ, ಸಿಂದಗಿ, ತಾಳಿಕೋಟೆ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಇನ್ನು ವಾಸಿಯಾಗುವುದಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದವರು ಹೇಗೆ ಸಾಯುತ್ತಾರೆ ಎಂಬ ಅಧ್ಯಯನ. ನಾನು ಅದರಲ್ಲಿ ಸಂದರ್ಶಕ. ಹದಿನೈದು ದಿನಕ್ಕೊಮ್ಮೆ ರೋಗಿಯ ಮನೆಗೆ ಹೋಗಿ ನಲವತ್ತು ಪ್ರಶ್ನೆ ಕೇಳಿ ಫಾರಂ ತುಂಬಬೇಕು. ರೋಗಿಗೆ ಹೆಸರಿಲ್ಲ, ನಂಬರ್ ಮಾತ್ರ. ಮೊದಲನೆಯ ಪ್ರಶ್ನೆ ನಾನು ನನಗೇ ಕೇಳಿಕೊಳ್ಳುವಂಥದ್ದು: 'ಸಂದರ್ಶಕರಿಗೂ ರೋಗಿಗೂ ಮೊದಲಿನ ಪರಿಚಯ ಉಂಟೆ?' 'ಹೌದು' ಎಂದರೆ ಫಾರಂ ರದ್ದು, ಬೇರೆಯವನು ಹೋಗಬೇಕು. ಏಳನೆಯದು ನೋವಿನದು. ಒಂದು ಕಾರ್ಡಿನ ಮೇಲೆ ಆರು ಮುಖಗಳಿವೆ, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು. ಸೊನ್ನೆಯ ಮುಖ ಚುನಾವಣೆಗೆ ನಿಂತವರ ಹಾಗೆ ನಗುತ್ತದೆ, ಹತ್ತರ ಮುಖ ಸೋತವರ ಹಾಗೆ ಅಳುತ್ತದೆ. ರೋಗಿ ಬೆರಳಿಟ್ಟು ತೋರಿಸಬೇಕು, ನಾನು ಬರೆದುಕೊಳ್ಳಬೇಕು.

ಸೊನ್ನೆಯಿಂದ ಹತ್ತು,
ನೋವಿಗೆ ಹಾಕು ಸುತ್ತು,
ಎದ್ದು ಹೊರಡು, ಬಸ್ಸಿಗಾಯ್ತು ಹೊತ್ತು.

ನಗಬೇಡ. ಅಥವಾ ಈಗಲೇ ನಕ್ಕುಬಿಡು.

ತರಬೇತಿ ಮೂರು ದಿನ. ಡಾಕ್ಟರ್ ಮೇಡಂ ಒಬ್ಬರು ಬಂದು ಮಾರ್ಫಿನ್ ಎಂಬ ಗುಳಿಗೆಯ ಬಗ್ಗೆ ಬಹಳ ಚೆಂದ ಹೇಳಿದರು. ಸಾವು ಬರುವುದೇ ಇದ್ದರೂ ಅದು ನರಳಿಕೊಂಡೇ ಬರಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ ಎಂದರು. ಆ ಗುಳಿಗೆ ಬರೆದುಕೊಡುವ ವೈದ್ಯರು ವಿಜಯಪುರದಲ್ಲಿ ಒಬ್ಬರಿದ್ದಾರೆಂದು ನಂಬರನ್ನೂ ಪರದೆಯ ಮೇಲೆ ತೋರಿಸಿದರು. ನಾನು ಬರೆದುಕೊಂಡೆ. ಬರೆದ ಶಾಯಿ ಆರುವ ಮುಂಚೆ ನಮ್ಮ ಮೇಲ್ವಿಚಾರಕ ಸೋಮನಿಂಗ ಎದ್ದು ನಿಂತ. "ಇದು ನಿಮ್ಮ ತಿಳುವಳಿಕಿಗಿ ಅಷ್ಟ ನೋಡ್ರಿ. ಪೇಶಂಟ್ ಮನ್ಯಾಗ ಔಷಧ, ಡಾಕ್ಟರ್ ಹೆಸರು, ಸಲಹಾ ಏನೂ ಬಾಯಿ ಬಿಡೂಹಂಗಿಲ್ಲ. ನಾವು ನೋಡಾಕ ಹೋಗೂದು, ಮಾಡಾಕಲ್ಲ."

ನಾನು ಕೇಳಿದೆ: "ಅವರು ಬೇನಿಲೆ ಒದ್ದಾಡಾಕತ್ತಿದ್ರ?"

"ಒದ್ದಾಡಾಕತ್ತಾರ ಅಂತ ಬರ್ಕೋರಿ."

"ನಮಗ ಔಷಧ ಗೊತ್ತಿದ್ರೂ?"

"ಪ್ರೇಮಕುಮಾರ, ನೀವು ಒಬ್ಬರಿಗೆ ಹೇಳಿದ್ರ ಉಳಿದವರ ಲೆಕ್ಕ ಕೆಡತೈತಿ. ವರದಿ ಆಗಲಿ, ಸರಕಾರ ಎಲ್ಲಾರಿಗೂ ಕೊಡತೈತಿ."

"ಅಲ್ಲೀಮಟ?"

"ಅಲ್ಲೀಮಟ ಫಾರಂ ತುಂಬಕೋತ ಇರ್ರಿ."

ತುಂಬಿದೆ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ, ಯಾರಾದರೂ ಹಾಸಿಗೆ ಹಿಡಿದರೆ ಬೀಗರು, ನೆರೆಯವರು ಬಾಳೆಹಣ್ಣು, ಬಿಸ್ಕಿಟು ಹಿಡಿದು 'ಮಾತಾಡಿಸಿ ಬರಲು' ಹೋಗುತ್ತಾರೆ. ಫಾರಂ ಇದಕ್ಕೆ 'ಸಾಮಾಜಿಕ ಬೆಂಬಲ' ಎನ್ನುತ್ತದೆ. ತಾಂಬಾದ ಹತ್ತಿರ ೪೧೭ ನಂಬರಿನ ಮುದುಕಿಯೊಬ್ಬಳಿದ್ದಳು. ಗರ್ಭಕೋಶದ ಕ್ಯಾನ್ಸರು. ನಾನು ಮೊದಲ ಸಲ ಹೋದಾಗ ಒಂಬತ್ತು ಜನ ಅವಳ ಹಾಸಿಗೆಯ ಸುತ್ತ ಕೂತು ತೊಗರಿಯ ಬಗ್ಗೆ, ಯಾರದೋ ನಿಶ್ಚಯದ ಬಗ್ಗೆ ಮಾತಾಡುತ್ತಿದ್ದರು. ಅವಳ ತಲೆಯ ಮೇಲಿಂದಲೇ ಅವಳ ಮಗನನ್ನು "ಏನಂತಾರ ಡಾಕ್ಟ್ರು?" ಎಂದು ಕೇಳುತ್ತಿದ್ದರು. ಮಗ ಎಲ್ಲರಿಗೂ "ಗ್ಯಾಸ್ ಆಗೇತ್ರಿ" ಎನ್ನುತ್ತಿದ್ದ. ಅವರು ಎದ್ದು ಹೋದ ಮೇಲೆ ನಾನು, ಎಷ್ಟು ಜನ ನಿಮ್ಮನ್ನು ನೋಡಲು ಬರುತ್ತಾರೆ ಎಂದು ಕೇಳಿದೆ.

ಮುದುಕಿ ಹೇಳಿದಳು: "ಭಾಳ ಮಂದಿ ಬರ್ತಾರ. ಎಲ್ಲಾರೂ ನನ ಮಗನ್ನ ಮಾತಾಡ್ಸಿ ಹೋಗ್ತಾರ."

ಸಾಮಾಜಿಕ ಬೆಂಬಲ: ಹತ್ತಕ್ಕೆ ಹತ್ತು ಎಂದು ಬರೆದೆ. ಫಾರಂ ಕೇಳಿದ್ದು ತಲೆಗಳನ್ನು, ಮಾತನ್ನಲ್ಲ.

ನೋವು ಮೊದಲ ಸಲ ಏಳು, ಎರಡನೆಯ ಸಲ ಒಂಬತ್ತು. ಮೂರನೆಯ ಸಲ ಅವಳು ಕಾರ್ಡನ್ನು ತಿರುಗಿಸಿ ಹಿಂದೆ ನೋಡಿ, "ಹತ್ತರ ಮುಂದ ಮತ್ತ ಮಾರಿ ಇಲ್ಲೇನು?" ಎಂದಳು. ಇಲ್ಲವೆಂದೆ. ಹತ್ತು ಬರೆದೆ. ನಾಲ್ಕನೆಯ ಸಲ ಹೋದಾಗ ಹಾಸಿಗೆ ಇರಲಿಲ್ಲ. ಕೊನೆಯ ಮೂರು ದಿನ ಅವಳ ಕೂಗು ಓಣಿಯ ಆಚೆಗೂ ಕೇಳುತ್ತಿತ್ತಂತೆ. ಸೋಮನಿಂಗ ಆ ಫಾರಮನ್ನು ಸಭೆಯಲ್ಲಿ ಎತ್ತಿ ತೋರಿಸಿದ. "ಹಿಂಗ ತುಂಬಬೇಕು ನೋಡ್ರಿ. ಒಂದ್ ಕಲಂ ಸುದ್ದಾ ಖಾಲಿ ಬಿಟ್ಟಿಲ್ಲ."

ಆಮೇಲೆ ನನ್ನ ಪಾಲಿಗೆ ಬಂದದ್ದು ತಾಳಿಕೋಟೆಯ ಫಕ್ರುದ್ದೀನ ಚಾಚಾ. ಅವರ ಹೆಸರನ್ನು ಬರೆಯುತ್ತೇನೆ, ಇನ್ನು ಯಾವ ನಿಯಮ ನನ್ನನ್ನು ಏನು ಮಾಡೀತು? ಮೂವತ್ತು ವರ್ಷ ಬಿಲ್ಲು ಹಿಡಿದು ಅರಳೆ ಹಿಂಜಿ ಗಾದಿ ಹೊಲಿದವರು. ಗಂಟಲಿನ ಕ್ಯಾನ್ಸರು. ಊರಿನ ಅರ್ಧ ಜನ ಅವರ ಗಾದಿಯ ಮೇಲೆ ಮಲಗುತ್ತಾರೆ, ಅವರಿಗೆ ಮಾತ್ರ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಎಂಟು, ಒಂಬತ್ತು, ಒಂಬತ್ತು. ಮೂರನೆಯ ಸಲ ಕಾರ್ಡು ಚೀಲಕ್ಕೆ ಹಾಕುತ್ತಿದ್ದೆ, ಕೈ ಹಿಡಿದರು. ದನಿ ಉಳಿದಿರಲಿಲ್ಲ, ಬರೀ ಉಸಿರು.

"ಸಾಹೇಬ್ರ, ಮೂರ್ ಸರ್ತಿ ಬಂದ್ ಅಳತಿ ತಗೊಂಡ್ ಹೋದ್ರಿ. ಗಾದಿ ಯಾವಾಗ ಕೊಡ್ತೀರಿ?"

ಅವರ ಹೆಂಡತಿ ಶಮಶಾದಬಿ, "ಸುಮ್ನಿರ್ರಿ, ಪಾಪ ಅವರೇನ್ ಮಾಡ್ತಾರ" ಎಂದು ಗದರಿದಳು. ಚಾಚಾ ನನ್ನ ಕೈ ಬಿಡಲಿಲ್ಲ. "ನಾನು ಅಳತಿ ತಗೊಂಡ್ ಮ್ಯಾಲೆ ಗಾದಿ ಕೊಡ್ದ ಇದ್ದಿದ್ರ ತಾಳಿಕೋಟಿ ಮಂದಿ ನನ್ನ ಚೌಕದಾಗ ನಿಂದರ್ಸಿ ಬಡೀತಿದ್ರು."

ಶಾನವಾಜ, ನಾನು ಬಿಎ ಓದಿದ್ದೇನೆ. ಅಲಂಕಾರಗಳ ಹೆಸರು ಬಾಯಿಪಾಠ ಬರುತ್ತವೆ. ಆದರೆ ಈ ಸಲ ಪ್ರಾಸ ಕಟ್ಟಲಿಲ್ಲ, ಚೀಲದಿಂದ ವಿಜಯಪುರದ ನಂಬರ್ ತೆಗೆದೆ.

ಮರುದಿನ ಮೊದಲ ಬಸ್ಸಿಗೆ ಆಸ್ಪತ್ರೆಯ ಕಾಗದಗಳನ್ನು ಹಿಡಿದು ಶಮಶಾದಬಿಯನ್ನು ಕರೆದುಕೊಂಡು ವಿಜಯಪುರಕ್ಕೆ ಹೋದೆ. ಆ ವೈದ್ಯರು ಕಾಗದ ನೋಡಿದರು, ಫೋನಿನ ವಿಡಿಯೊದಲ್ಲಿ ಚಾಚಾರ ಮುಖ ನೋಡಿದರು, ಎಷ್ಟು ಕೊಡಬೇಕು, ಹೊಟ್ಟೆ ಕಟ್ಟಿದರೆ ಏನು ಮಾಡಬೇಕು ಎಲ್ಲ ಹೇಳಿ ಬರೆದುಕೊಟ್ಟರು. ಅಷ್ಟೇ. ಹೋಗಿ ಬರಲು ಒಂದು ಹಗಲು. ಮೂರು ತಿಂಗಳಿಂದ ಗೋಡೆಗೆ ಒರಗಿದ್ದ ಮನುಷ್ಯನಿಗೂ ನಿದ್ದೆಗೂ ನಡುವೆ ಇದ್ದದ್ದು ಒಂದು ಹಗಲು ಮತ್ತು ನನ್ನ ಮುಚ್ಚಿದ ಬಾಯಿ.

ನಾಲ್ಕನೆಯ ದಿನ ಹೋದೆ. ಚಾಚಾ ತಾವೇ ಹೊಲಿದ ಗಾದಿಯ ಮೇಲೆ ಮಲಗಿದ್ದರು. ಎಚ್ಚರವಾದ ಮೇಲೆ, ಚಹಾಕ್ಕೆ ಸಕ್ಕರೆ ಕಡಿಮೆಯೆಂದು ಆ ಉಸಿರಿನ ದನಿಯಲ್ಲೇ ಹೆಂಡತಿಯ ಜೊತೆ ಜಗಳ ತೆಗೆದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ನೋಡ್ರಿ ಸಾಹೇಬ್ರ, ಜೀವ ಬಂದಕೂಡ್ಲೆ ಮತ್ತ ಸುರು ಮಾಡ್ಯಾರ" ಎಂದಳು. ಕಾರ್ಡು ತೋರಿಸಿದೆ. ಮೂರಕ್ಕಿಂತ ಮೇಲೆ ಬೆರಳು ಹೋಗಲಿಲ್ಲ. ಹತ್ತೊಂಬತ್ತು ದಿನ ಬದುಕಿದರು. ಬಿಲ್ಲು ಯಾರಿಗೆ ಕೊಡಬೇಕು, ಯಾರ ಹತ್ತಿರ ಮಾಫಿ ಕೇಳಬೇಕು ಎಲ್ಲ ತಾವೇ ಹೇಳಿದರು. ಬಂದವರು ಅವರನ್ನೇ ಮಾತಾಡಿಸಿದರು, ಯಾಕೆಂದರೆ ಮಾತಾಡಲು ಅಲ್ಲಿ ಒಬ್ಬ ಮನುಷ್ಯ ಇದ್ದ, ಬರೀ ನೋವು ಇರಲಿಲ್ಲ.

ಒಂಬತ್ತು ಇದ್ದದ್ದು ಮೂರಾದದ್ದನ್ನು ಕಚೇರಿಯಲ್ಲಿ ಕಂಡುಹಿಡಿದರು. ನೋಟಿಸು ಬಂತು: 'ನಿಮ್ಮ ಹಸ್ತಕ್ಷೇಪದಿಂದ ಮಾಹಿತಿಯ ಶುದ್ಧತೆಗೆ ಧಕ್ಕೆಯಾಗಿದೆ.' ಕೇಳಿಸಿಕೊಂಡೆಯಾ? ಒಬ್ಬ ಮನುಷ್ಯ ನಿದ್ದೆ ಮಾಡಿದ್ದು ಇವರಿಗೆ ಕಲಬೆರಕೆ! ನೋವು ಅಪ್ಪಟ ಇರಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ ಅದಕ್ಕೆ ಗುಳಿಗೆ ಬೆರೆಸಬಾರದು. ನಮ್ಮವರು ಚೀರುವುದನ್ನು ಅಚ್ಚುಕಟ್ಟಾಗಿ ಬರೆದು, ಕೋಷ್ಟಕ ಮಾಡಿ, ತಣ್ಣನೆಯ ಸಭಾಂಗಣದಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. 'ಗ್ರಾಮೀಣ ಭಾಗದಲ್ಲಿ ನೋವು ನಿವಾರಣೆ ತಲುಪಿಲ್ಲ' ಎನ್ನುತ್ತಾರೆ. ತಲುಪಿಸುವವನ ಬಾಯಿಗೆ ಬೀಗ ಹಾಕಿದವರು ಯಾರು ಎಂದು ಆ ಕೋಷ್ಟಕದಲ್ಲಿ ಯಾವ ಸಾಲು ಹೇಳುತ್ತದೆ? ಅಧ್ಯಯನ ಬೇಡವೆಂದು ನಾನು ಅನ್ನುವುದಿಲ್ಲ. ಕೇಳಲಿ, ಬರೆದುಕೊಳ್ಳಲಿ. ಆದರೆ ಪ್ರಶ್ನೆಯ ಚೀಲದ ಜೊತೆ ಗುಳಿಗೆಯ ವಿಳಾಸವನ್ನೂ ಮನೆಯೊಳಗೆ ತರಲಿ.

ಸೋಮನಿಂಗ ಕೆಟ್ಟವನಲ್ಲ. ನಿನ್ನೆ ಮನೆಗೇ ಬಂದಿದ್ದ. "ತಪ್ಪಾತು ಅಂತ ನಾಕ್ ಸಾಲು ಬರದು ಸಹಿ ಮಾಡ್ರಿ. ಕೆಲ್ಸ ಉಳಸೂ ಜವಾಬ್ದಾರಿ ನಂದು."

ಯಶೋಧಾ ಒಳಗಿನಿಂದಲೇ ಕೂಗಿದಳು: "ನಾಕ್ ಸಾಲು ಅವರಿಗಿ ಭಾಳ ಆಗೂದಿಲ್ರಿ. ಆದ್ರ ಪ್ರಾಸ ಹಾಕಿದ್ರ ನಡೀತೈತೇನು ಕೇಳ್ರಿ!"

ಅವನು ಹೋದ ಮೇಲೆ ಕಾಗದ ಹಿಡಿದು ಕೂತೆ. 'ತಪ್ಪಾಯಿತು' ಎಂದು ಬರೆದೆ. ಬರೆದ ಮೇಲೆ ಗೊತ್ತಾಯಿತು, ತಪ್ಪಾದದ್ದು ನಿಜ, ಆದರೆ ಅದು ತಾಳಿಕೋಟೆಯಲ್ಲಿ ಆದದ್ದಲ್ಲ. ಹರಿದುಹಾಕಿದೆ. ಸಹಿ ಮಾಡುವುದಿಲ್ಲ. ಬದಲಿಗೆ ನನ್ನ ಪಟ್ಟಿಯಲ್ಲಿ ಉಳಿದ ಹದಿನಾರು ಮನೆಗಳಿಗೆ ನಾಳೆಯಿಂದ ಹೋಗುತ್ತೇನೆ, ಫಾರಂ ಇಲ್ಲದೆ, ವಿಜಯಪುರದ ನಂಬರ್ ಹಿಡಿದು. ಯಶೋಧಾಳ ಸಿಟ್ಟು ಇದಕ್ಕೇ. ಮೊದಲೇ ಯಾಕೆ ಹೋಗಲಿಲ್ಲ ಎಂಬುದು ಅವಳ ಪ್ರಶ್ನೆ. ಫಾರಮಿನಲ್ಲಿ ಇಲ್ಲದ ನಲವತ್ತೊಂದನೆಯದು.

ಭಾಬಿಗೆ ಸಲಾಂ ತಿಳಿಸು. ಮಕ್ಕಳ ತಲೆ ಮುಟ್ಟಿ ನನ್ನ ಹೆಸರು ಹೇಳು. ನಿಮ್ಮೆಲ್ಲರಿಗೂ ನಿದ್ದೆ ಬರಲಿ. ಈಗೀಗ ಯಾರಿಗೂ ಅದಕ್ಕಿಂತ ದೊಡ್ಡದನ್ನು ಹಾರೈಸಲು ನನಗೆ ತೋಚುವುದಿಲ್ಲ.

ನಿನ್ನ
ಪ್ರೇಮಕುಮಾರ

ತಾ.ಕ.: ೪೧೭ಕ್ಕೆ ಹೆಸರಿತ್ತು, ಶಾನವಾಜ. ಗುಂಡವ್ವ. ನಮ್ಮ ಹಾಸ್ಟೆಲಿನ ಅಡುಗೆಯ ಗುಂಡವ್ವ. ಮೂರು ವರ್ಷ ನಿನಗೂ ನನಗೂ ಲೆಕ್ಕಕ್ಕಿಂತ ಒಂದು ರೊಟ್ಟಿ ಹೆಚ್ಚು ಹಾಕಿದವಳು. ಹೊಸ್ತಿಲು ದಾಟಿದ ಕೂಡಲೇ "ಉಂಡು ಬಂದೀಯೇನ್ ತಮ್ಮಾ?" ಎಂದಳು, ನನಗೆ ಆಗಲೇ ಗುರುತು ಸಿಕ್ಕಿತು. ಆದರೆ ಆ ತಿಂಗಳು ಇಪ್ಪತ್ತು ಫಾರಮಿನ ಗುರಿ, ನನ್ನದು ಹತ್ತೊಂಬತ್ತಾಗಿತ್ತು. 'ಪರಿಚಯ ಉಂಟೆ?' ಎಂಬಲ್ಲಿ 'ಇಲ್ಲ' ಎಂದು ಬರೆದೆ. ಮೂರು ಸಲ ಬರೆದೆ. ವಿಜಯಪುರದ ನಂಬರ್ ಮೂರೂ ಸಲ ಚೀಲದಲ್ಲಿತ್ತು.

ಮೂರನೆಯ ಸಲ ಅವಳು ನನ್ನನ್ನೇ ನೋಡುತ್ತ, ನಾನು ಗೋಡೆಗೆ ಬರೆದದ್ದನ್ನು ಹೇಳಿದಳು: "ಗುಂಡವ್ವನ ಸಾರು, ಬ್ಯಾಳಿ ಕಂಡವ್ರ್ಯಾರು. ಇದನ್ನ ಬರ್ದಾಂವ ನೀನ ಹೌದಲ್ಲೋ?" ನಾನು, "ಅಲ್ಲಬೇ, ನಾನು ಸರ್ವೇದಾಂವ" ಎಂದೆ. ಅವಳು ಕಾರ್ಡು ನನ್ನ ಕೈಗೆ ಕೊಟ್ಟು, "ಇರ್ಲಿ. ಹತ್ತು ಅಂತ ಬರ್ಕೋ. ಉಂಡು ಹೋಗು" ಎಂದು ಸೊಸೆಯನ್ನು ಕರೆದಳು.

ಉಂಡೆ, ಶಾನವಾಜ. ಅವಳು ಆಚೆ ನರಳುತ್ತಿದ್ದಳು, ನಾನು ಈಚೆ ಕೂತು ಎರಡು ರೊಟ್ಟಿ ಉಂಡೆ. ಸಾರಿನಲ್ಲಿ ಬೇಳೆ ದಪ್ಪಗಿತ್ತು.